ಒಗ್ಗಟ್ಟು ಅಂದರೆ ನಮ್ಮ ಬಾಯಿಗೆ ಹಾಕಿದ ಬೀಗವೇ?

ನಮ್ಮಂಥ ಸಣ್ಣ ತಾಲ್ಲೂಕು ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಕಾಲೇಜು ದಿನಾಚರಣೆ ನಡೆಯುತ್ತದೆ. ಶಾಮಿಯಾನ ಹಾಕುತ್ತಾರೆ, ಮೈಕು ಕಟ್ಟುತ್ತಾರೆ, ಅತಿಥಿಗಳಿಗೆ ಶಾಲು ಹೊದಿಸುತ್ತಾರೆ. ವೇದಿಕೆ ಹತ್ತಿದವರೆಲ್ಲ ಒಂದೇ ಮಾತು ಹೇಳಿ ಇಳಿಯುತ್ತಾರೆ: 'ಇದು ಚಿಕ್ಕ ಕಾಲೇಜು, ಇಲ್ಲಿ ನಾವೆಲ್ಲ ಒಂದೇ ಕುಟುಂಬ.' ನಾವು ಕೇಳುತ್ತೇವೆ: ಒಂದೇ ಕುಟುಂಬವಾದರೆ ನಾವು ನಡುಮನೆಯ ಮಕ್ಕಳೋ, ಹಿತ್ತಿಲ ಬಾಗಿಲಲ್ಲಿ ನಿಂತ ಜೀತದಾಳುಗಳೋ?

ತುಂಬಿದ ಕ್ಲಾಸಿನಲ್ಲಿ 'ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ರಿ' ಅಂದಾಗ ಯಾರಿಗೂ ಕುಟುಂಬದ ನೆನಪಾಗುವುದಿಲ್ಲ. 'ನಿಮ್ದೇನು ಬಿಡ್ರಯ್ಯ, ಸರ್ಕಾರಿ ಅಳಿಯಂದಿರು' ಅಂತ ನಗಾಡುವಾಗಲೂ ಆಗುವುದಿಲ್ಲ. ಬಾಡಿಗೆ ರೂಮು ಕೇಳಲು ಹೋದ ಹುಡುಗನಿಗೆ 'ನೀವು ಯಾವ ಪೈಕಿ?' ಅಂತ ಕೇಳಿ ಬಾಗಿಲು ಹಾಕಿದಾಗಲೂ ಇಲ್ಲ. ಆದರೆ ನಾವು ಬಾಯಿಬಿಟ್ಟು 'ಇದು ಜಾತಿ' ಅಂದೆವೋ, ತಕ್ಷಣ ಕುಟುಂಬ ನೆನಪಾಗುತ್ತದೆ. 'ಯಾಕ್ರಯ್ಯ, ಚೆನ್ನಾಗಿರೋ ಕಾಲೇಜು ಒಡೀತೀರಿ?' ಎನ್ನುತ್ತಾರೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದವನು ಸಜ್ಜನ, ಬಿರುಕು ತೋರಿಸಿದವನು ಮನೆಮುರುಕ. ಇದು ಯಾವ ನ್ಯಾಯ?

ಅವರು ಒಗ್ಗಟ್ಟು ಅಂತ ಕರೆಯುತ್ತಿರುವುದು ನಮ್ಮ ಮೌನವನ್ನು. ನಮ್ಮ ಮೌನದ ಮೇಲೆ ನಿಂತ ಕುಟುಂಬ ನಮಗೆ ಬೇಡ. ಹಾಗಾದರೆ ಒಂದು ಕಾಲೇಜನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ಯಾವುದು? ನಾವು ಹೇಳುತ್ತೇವೆ: ಮೊದಲು ಸೂರು ಮತ್ತು ಅನ್ನ. ಆಮೇಲೆ ಪ್ರಶ್ನೆ. ಇವೆರಡೂ ಇಲ್ಲದ ಕಡೆ ಇರುವುದು ಬರೀ ಕಟ್ಟಡ, ಕಾಲೇಜಲ್ಲ.

ಇದು ಹೊಸ ಮಾತೇನೂ ಅಲ್ಲ. ಬಾಬಾಸಾಹೇಬರು ಅಮೆರಿಕದ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದರು. 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದಾಗ ಆ ಊರಿನಲ್ಲಿ ಅವರಿಗೆ ಮಲಗಲು ಜಾಗ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ಛತ್ರದಲ್ಲಿ ಉಳಿದರೆ ದೊಣ್ಣೆ ಹಿಡಿದು ಬಂದು ಹೊರದಬ್ಬಿದರು. ಎಷ್ಟು ಓದಿದರೇನು, ತಲೆಯ ಮೇಲೊಂದು ಸೂರಿಲ್ಲದವನ ವಿದ್ಯೆ ಬೀದಿಪಾಲು. ಇದನ್ನು ಅವರು ಮೈಮೇಲೆ ಅನುಭವಿಸಿದ್ದರು. ಆದ್ದರಿಂದಲೇ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದವರು ಮರುವರ್ಷವೇ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆಸಿದರು. ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲೇ, 1944ರಲ್ಲಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಬೊಂಬಾಯಿಯ ಸಿದ್ಧಾರ್ಥ ಕಾಲೇಜು ಬಂದದ್ದು 1946ರಲ್ಲಿ, ಔರಂಗಾಬಾದಿನ ಕಾಲೇಜು 1950ರಲ್ಲಿ. ನೋಡಿ ಗೆಳೆಯರೇ, ಮೊದಲು ಹಾಸ್ಟೆಲ್ಲು, ಆಮೇಲೆ ಕಾಲೇಜು! ಹಾಸ್ಟೆಲ್ಲನ್ನು ಬಿಟ್ಟಿ ಊಟದ ಮನೆ ಅನ್ನುವವರು ಈ ಲೆಕ್ಕ ಓದಲಿ.

ಆ ಔರಂಗಾಬಾದಿನ ಕಾಲೇಜಿಗೆ ಇಟ್ಟ ಹೆಸರು ಮಿಲಿಂದ. ಯಾರು ಈ ಮಿಲಿಂದ? ಗ್ರೀಕ್ ದೊರೆ. ಬೌದ್ಧ ಭಿಕ್ಷು ನಾಗಸೇನನ ಎದುರು ಕೂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದವನು. ಚರ್ಚೆ ಶುರುವಾಗುವ ಮೊದಲೇ ನಾಗಸೇನ ಒಂದು ಷರತ್ತು ಹಾಕುತ್ತಾನೆ: ಪಂಡಿತರು ಮಾತಾಡುವ ಹಾಗೆ ಮಾತಾಡುವುದಾದರೆ ಬರುತ್ತೇನೆ, ರಾಜರು ಮಾತಾಡುವ ಹಾಗಾದರೆ ಬರುವುದಿಲ್ಲ. ಪಂಡಿತರು ಸೋತರೂ ಸಿಟ್ಟಾಗುವುದಿಲ್ಲ. ರಾಜರು ಎದುರಾಡಿದವನಿಗೆ ಶಿಕ್ಷೆ ಕೊಡುತ್ತಾರೆ. ಕಾಲೇಜು ಅಂದರೇನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾನೂನು ಬೇಕೆ? ಪ್ರಶ್ನೆ ಕೇಳಿದವನ ಇಂಟರ್ನಲ್ ಮಾರ್ಕ್ಸು ಕತ್ತರಿಸುವ ಕಡೆ ರಾಜರಿದ್ದಾರೆ, ಮೇಷ್ಟ್ರುಗಳಿಲ್ಲ.

ನಮ್ಮ ನಾಡಿನಲ್ಲೇನಾಯಿತು? ಮಲವನ್ನು ತಲೆಯ ಮೇಲೆ ಹೊರುವ ಅನಿಷ್ಟವನ್ನು ನಿಷೇಧಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಒಪ್ಪದವರು ವಾದ ಮಾಡಬಹುದಿತ್ತು. ಮಾಡಿದ್ದೇನು? ಬೀದಿಗಿಳಿದು ದಲಿತ ವಿದ್ಯಾರ್ಥಿಗಳನ್ನು ಹೊಡೆದರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಒಂದು ಮಾತಿಗೆ ಮುರಿದುಬಿದ್ದ ಆ ಒಗ್ಗಟ್ಟು ಎಂಥ ಒಗ್ಗಟ್ಟು? ಆದರೆ ಹೊಡೆತ ತಿಂದ ಆ ಹುಡುಗರ ನಡುವೆ ಬೇರೊಂದು ನಂಟು ಹುಟ್ಟಿತು. ದಲಿತ ಚಳವಳಿಗೂ ದಲಿತ ಸಾಹಿತ್ಯಕ್ಕೂ ಕಿಡಿ ಹತ್ತಿದ್ದು ಅಲ್ಲಿ.

ಹಳೆಯ ಕತೆ ಅನ್ನಬೇಡಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಐವರು ದಲಿತ ಸಂಶೋಧಕರನ್ನು ಹಾಸ್ಟೆಲ್ಲಿನಿಂದ ಹೊರಹಾಕಿದರು. ಅವರು ಬಯಲಲ್ಲಿ ಗುಡಾರ ಹಾಕಿ ಅದಕ್ಕೆ 'ವೆಲಿವಾಡ' ಅಂತ ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೊಲಗೇರಿ. ಆ ಐವರಲ್ಲಿ ಒಬ್ಬನಾದ ರೋಹಿತ್ ವೇಮುಲ 2016ರ ಜನವರಿ 17ರಂದು ಜೀವ ಕಳೆದುಕೊಂಡ. ವಿದ್ಯಾಲಯದೊಳಗೇ ಹೊಲಗೇರಿ ಕಟ್ಟಿಸಿದವರು ನಮಗೆ ಒಗ್ಗಟ್ಟಿನ ಪಾಠ ಹೇಳುವುದು ಬೇಡ.

ಗೆಳೆಯರೇ, ಬರೀ ಅವರನ್ನು ಬೈದು ಮುಗಿಸಿದರೆ ಈ ಹಾಳೆಗೆ ನೀವು ಕೊಟ್ಟ ದುಡ್ಡು ದಂಡ. ಹಾಸ್ಟೆಲ್ಲಿನ ಒಳಗಡೆಯೂ ತಿರುಗಿ ನೋಡಿ. ಎಡಗೈನವರಿಗೆ ಒಂದು ರೂಮು, ಬಲಗೈನವರಿಗೆ ಇನ್ನೊಂದು ಅಂತ ಗೆರೆ ಎಳೆಯುವವರು ಯಾರು? ಒಳಮೀಸಲಾತಿ ನ್ಯಾಯದ ಪಾಲಿನ ಲೆಕ್ಕ, ಅದು ಸಿಗಲೇಬೇಕು. ಆದರೆ ಊಟದ ಸಾಲಿನಲ್ಲಿ ಗೆರೆ ಎಳೆದರೆ ಅದು ಮನುವಿನ ಗೆರೆಯೇ. ಬೆಳಗಿನ ಜಾವಕ್ಕೆ ಎದ್ದು ನಮ್ಮೆಲ್ಲರಿಗೆ ಮುದ್ದೆ ತೊಳಸುವ ಅಕ್ಕನನ್ನು 'ಏಯ್' ಅಂತ ಕೂಗುವ ಬಾಯಿಗೆ ಜೈಭೀಮ್ ಹೇಳುವ ಹಕ್ಕಿದೆಯೇ? ಕಕ್ಕಸು ತೊಳೆಯುವ ಅಣ್ಣನಿಗೆ ಸಂಬಳ ಬಂತೋ ಇಲ್ಲವೋ ಎಂದು ಕೇಳದವರು ಬೂಸಾ ಚಳವಳಿಯ ವಾರಸುದಾರರೇ? ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೊತ್ತು ಮುಳುಗುವ ಮೊದಲೇ ಬೀಗ ಹಾಕಿದರೆ ಅವರು ನಮ್ಮ ಸಭೆಗೆ ಬರುವುದು ಹೇಗೆ? ಅರ್ಧ ಜನ ಬೀಗದೊಳಗಿದ್ದರೆ ಅದು ಎಂಥ ಸಂಘಟನೆ?

ಕಾಲೇಜನ್ನು ಹಿಡಿದಿಟ್ಟಿರುವುದು ಶಾಲು ಹೊದ್ದವರಲ್ಲ. ಒಂದು ಪುಸ್ತಕವನ್ನು ನಾಲ್ಕು ಭಾಗ ಮಾಡಿ ಓದುವವರು, ಹೊಸದಾಗಿ ಬಂದ ಹುಡುಗನ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಸೀನಿಯರು, ಜ್ವರ ಬಂದವನ ಪಾಲಿನ ಗಂಜಿ ಎತ್ತಿಡುವ ಅಕ್ಕ, ಕೊನೆಯ ಬೆಂಚಿನಿಂದ ಎದ್ದು 'ಸಾರ್, ಇದು ತಪ್ಪು' ಅನ್ನುವ ಹುಡುಗಿ. ಇವರು ಕೈಬಿಟ್ಟ ದಿನ ಉಳಿಯುವುದು ಬೋರ್ಡು ಮಾತ್ರ.

ಆದ್ದರಿಂದ ಇವತ್ತು ರಾತ್ರಿ ಊಟಕ್ಕೆ ಕೂತಾಗ ಪಕ್ಕದವನನ್ನು ಕೇಳಿ: 'ನಿನ್ನ ಸ್ಕಾಲರ್‌ಶಿಪ್ ಬಂತೇನೋ?' ಬಂದಿಲ್ಲ ಅಂದರೆ ನಾಳೆ ಇಬ್ಬರೂ ಸೇರಿ ಆಫೀಸಿಗೆ ಹೋಗಿ. ಇಬ್ಬರಿಗೆ ಉತ್ತರ ಸಿಗದಿದ್ದರೆ ನಾಡಿದ್ದು ಇಪ್ಪತ್ತು ಜನ ಹೋಗಿ. ಆಗ ಗೊತ್ತಾಗುತ್ತದೆ ಒಗ್ಗಟ್ಟು ಅಂದರೇನೆಂದು, ನಮಗೂ, ಅವರಿಗೂ.

ಜೈಭೀಮ್.