ಡೇರೆ ಹಾಕುವ ಮುನ್ನ ಆಸ್ಪತ್ರೆಯ ದಾರಿ ಕೇಳಿ

ರಜೆ ಬಂತೆಂದರೆ ಮಕ್ಕಳುಮರಿಗಳೊಂದಿಗೆ ಕಾಡಿನಂಚಿನಲ್ಲಿ ಒಂದೆರಡು ರಾತ್ರಿ ತಂಗಿಬರುವ ಹವ್ಯಾಸ ನಮ್ಮಲ್ಲಿ ಬೆಳೆದಿದೆ. ಮೈಸೂರು ಸೀಮೆಯವರಿಗೆ ಇದಕ್ಕೆ ಹತ್ತಿರದ ಜಾಗ ಕಾಕನಕೋಟೆ. 1971ರವರೆಗೂ ಆನೆಗಳ ಖೆಡ್ಡಾ ನಡೆದ ಈ ಕಾಡಿನ ಒಂದು ಭಾಗ, 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ನೀರಿನಡಿ ಸೇರಿತು. ಈಗ ಹಿನ್ನೀರು ಕಡಲಿನಂತೆ ಕಾಣುತ್ತದೆ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮನಬಂದಲ್ಲಿ ಡೇರೆ ಹಾಕುವಂತಿಲ್ಲ. ಕಾರಾಪುರದ ಸುತ್ತಮುತ್ತಲಿನ ತಂಗುದಾಣಗಳೇ ಪ್ರವಾಸಿಗರಿಗೆ ಆಸರೆ.

ಜಾಗ ಗೊತ್ತುಮಾಡುವಾಗ ನಾವು ಕೇಳುವುದೇನು? ನೀರು ಕಾಣುತ್ತದೆಯೇ, ಊಟ ಹೇಗೆ, ಹತ್ತಿರ ಅಂಗಡಿ ಇದೆಯೇ? ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ: ನಡುರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ವಾಹನ ಯಾವುದು, ಆಸ್ಪತ್ರೆ ಎಲ್ಲಿ?

ಇದನ್ನು ಹೆದರಿಸಲು ಹೇಳುತ್ತಿಲ್ಲ. ಕಟ್ಟುಹಾವಿನ ವಿಷಯವನ್ನೇ ನೋಡಿ. ಅದು ಸಂಚರಿಸುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು. ನೋವು, ಬಾವು ಅಷ್ಟಾಗಿ ಇರುವುದಿಲ್ಲ. ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋಲುವುದು, ನುಂಗಲು ಕಷ್ಟ ಶುರುವಾಗುತ್ತದೆ. 'ರಾತ್ರಿ ಊಟದ ದೋಷ' ಎಂದು ಕಾಯುತ್ತ ಕುಳಿತರೆ ಉಸಿರಾಟದ ಸ್ನಾಯುಗಳೇ ಸೋಲಬಹುದು. ಆದ್ದರಿಂದ ಡೇರೆಯ ಜಿಪ್ ಪೂರ್ತಿ ಎಳೆಯಿರಿ. ಕುಟೀರದಲ್ಲಾದರೆ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚ್, ಬೂಟು ಇರಲಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಕಾಲಿಗೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತು ಸಾಗಿಸಿ. ನಾಗರಹಾವು, ಕಟ್ಟುಹಾವು, ಎರಡು ಬಗೆಯ ಮಂಡಲದ ಹಾವು, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಚುಚ್ಚುಮದ್ದಿದೆ. ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು.

ದಾರಿಯ ಲೆಕ್ಕ ಹೊರಡುವ ಮುನ್ನವೇ ಇರಲಿ. ಕಾಕನಕೋಟೆಯಿಂದ ಬಾವಲಿಯ ಮೂಲಕ ಕೇರಳಕ್ಕೆ ಹೋಗುವ ಕಾಡುರಸ್ತೆ ರಾತ್ರಿ ವಾಹನಗಳಿಗೆ ಮುಚ್ಚಿರುತ್ತದೆ. ಹೊರಡಬೇಕಾದುದು ಎಚ್.ಡಿ. ಕೋಟೆ, ಸರಗೂರಿನ ಕಡೆಗೆ. ಕೋಟೆಯಿಂದ ಮೈಸೂರು ಮತ್ತೆ ಸುಮಾರು 50 ಕಿ.ಮೀ. ಕಾಡಿನಂಚಿನಲ್ಲಿ ಮೊಬೈಲ್ ಎಲ್ಲೆಡೆ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. 108ರ ಜೊತೆಗೆ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಅಂಗಡಿ. ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ ಎಲ್ಲೆಡೆ ಸಿಗುತ್ತವೆ. ವಾಂತಿಭೇದಿಯಾದ ಮಗುವಿಗೆ ಬೇಕಾದ ಒ.ಆರ್.ಎಸ್. ಪೊಟ್ಟಣ ಮಾತ್ರ ಸಿಕ್ಕೀತೆಂದು ನಂಬುವಂತಿಲ್ಲ. ತಂಪು ಪಾನೀಯ ಕೊಟ್ಟರೆ ಅದರ ಸಕ್ಕರೆಯಿಂದ ಭೇದಿ ಹೆಚ್ಚಾದೀತು. ನಾಲ್ಕು ಪೊಟ್ಟಣ ಮನೆಯಿಂದಲೇ ಒಯ್ಯಿರಿ. ಇಲ್ಲವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಹಿನ್ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯಲು ಬೇಡ. ಊರಿಗೆ ಮರಳಿದ ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ರಾಜ್ಯದಲ್ಲಿ 1957ರಿಂದಲೂ ಇದೆ.

ಎಲ್ಲ ಹೊಣೆಯೂ ಪ್ರವಾಸಿಗರದ್ದೇ ಎನ್ನುವುದು ನ್ಯಾಯವಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿತು. ಅದು ಒಳ್ಳೆಯ ಹೆಜ್ಜೆ, ಅಷ್ಟಕ್ಕೇ ನಿಲ್ಲಬಾರದು. ಕಾಡಿನಂಚಿನ ಪ್ರತಿ ತಂಗುದಾಣದಲ್ಲೂ ರಾತ್ರಿಯಿಡೀ ಸಿದ್ಧವಿರುವ ವಾಹನ, ಪ್ರತಿವಿಷ ದೊರೆಯುವ ಆಸ್ಪತ್ರೆಯ ವಿಳಾಸವಿರುವ ಫಲಕ, ಅಂಗಡಿಯಲ್ಲಿ ಒ.ಆರ್.ಎಸ್. ಇರಲೇಬೇಕೆಂಬ ನಿಯಮ ಬರಲಿ. ಇದರ ಖರ್ಚು ದೊಡ್ಡದಲ್ಲ, ಲಾಭ ನಮಗಷ್ಟೇ ಅಲ್ಲ. ನಾವು ಎರಡು ದಿನವಿದ್ದು ಹೊರಡುತ್ತೇವೆ. ಸುತ್ತಲಿನ ಹಾಡಿಗಳ ಜೇನುಕುರುಬ, ಕಾಡುಕುರುಬ ಕುಟುಂಬಗಳು ವರ್ಷವಿಡೀ ಅದೇ ಹಾವುಗಳ ನಡುವೆ, ಅದೇ ದೂರದ ಆಸ್ಪತ್ರೆಯನ್ನು ನಂಬಿ ಬಾಳುತ್ತವೆ. ಪ್ರವಾಸಿಗೆಂದು ನಿಲ್ಲಿಸಿದ ವಾಹನ ಹಾಡಿಯ ಮಗುವಿಗೂ ಒದಗಬೇಕು.

ಮುಂದಿನ ಸಲ ತಂಗುದಾಣಕ್ಕೆ ಫೋನ್ ಮಾಡಿದಾಗ ಬಾಡಿಗೆ ಕೇಳುವ ಮೊದಲು ಆಸ್ಪತ್ರೆಯ ದಾರಿ ಕೇಳಿ. ಹತ್ತು ಜನ ಕೇಳತೊಡಗಿದರೆ ಮಾಲೀಕರು ಉತ್ತರ ಸಿದ್ಧಮಾಡಿಕೊಳ್ಳಲೇಬೇಕಾಗುತ್ತದೆ.