ಈ ಗಂಟು ಹಣೆಬರಹ ಅಲ್ಲ

ಭೂಮಿ, ಕೂಲಿ, ಮೀಸಲಾತಿ, ದೌರ್ಜನ್ಯ ಎಂದು ಸಭೆಗಳಲ್ಲಿ ಗಂಟಲು ಹರಿಯುವಂತೆ ಕೂಗುತ್ತೇವೆ. ನಮ್ಮ ಹಟ್ಟಿಯ ಮಗುವಿನ ತೊಡೆಸಂದಿನಲ್ಲಿ ಎದ್ದಿರುವ ಗಂಟಿನ ಬಗ್ಗೆ ಮಾತಾಡೋದಿಲ್ಲ. ನಾಚಿಕೆ. ಈ ಸಲ ನಾಚಿಕೆ ಬಿಟ್ಟು ಬರೆಯುತ್ತಿದ್ದೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಕೇರಿಗಳ ತಾಯಂದಿರನ್ನು ಕೇಳಿ ನೋಡಿ. ಮಗು ಅತ್ತರೆ, ಕೆಮ್ಮಿದರೆ, ಮುಕ್ಕಿದರೆ ತೊಡೆಸಂದು ಉಬ್ಬುತ್ತದೆ. ಮಲಗಿಸಿದರೆ ಒಳಕ್ಕೆ ಹೋಗುತ್ತದೆ. ವಾಯು ಅಂತಾರೆ, ದೃಷ್ಟಿ ಅಂತಾರೆ, ತಾಯತ ಕಟ್ಟಿಸುತ್ತಾರೆ. ‘ದೊಡ್ಡವನಾದ ಮೇಲೆ ತಾನೇ ಹೋಗ್ತದೆ ಬಿಡು’ ಅಂತಾರೆ.

ಹೋಗೋದಿಲ್ಲ. ಗರ್ಭದಲ್ಲಿರುವಾಗ ಗಂಡುಕೂಸಿನ ವೃಷಣ ಹೊಟ್ಟೆಯೊಳಗಿಂದ ಕೆಳಗಿಳಿಯುತ್ತದೆ. ಅದರ ಜೊತೆ ಹೊಟ್ಟೆಯ ಒಳಪೊರೆಯ ಸಣ್ಣ ಚೀಲವೊಂದು ಇಳಿಯುತ್ತದೆ. ಆಮೇಲೆ ಆ ಚೀಲದ ಬಾಯಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಕರುಳು ಅದರೊಳಕ್ಕೆ ಜಾರುತ್ತದೆ. ಇದೇ ಹರ್ನಿಯಾ. 100 ಮಕ್ಕಳಲ್ಲಿ 1ರಿಂದ 5 ಮಕ್ಕಳಿಗೆ ಬರುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಇನ್ನೂ ಹೆಚ್ಚು. ಗಂಡುಮಕ್ಕಳಿಗೆ ಜಾಸ್ತಿ, ಹೆಣ್ಣುಮಕ್ಕಳಿಗೂ ಉಂಟು. ಊರ ಗೌಡರ ಮನೆಯ ಮಗುವಿಗೂ ಬರುತ್ತದೆ. ಜಾತಿ ಕೆಲಸ ಮಾಡೋದು ಆಮೇಲೆ. ಯಾರ ಮಗು ಎಷ್ಟು ಬೇಗ ಆಪರೇಷನ್ ಕೋಣೆ ತಲುಪುತ್ತದೆ ಅನ್ನೋದರಲ್ಲಿ.

ಹೊಕ್ಕುಳಿನ ಉಬ್ಬು ಬೇರೆ. ಅದು ಬಹುಪಾಲು ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಕಂಡ ಅಜ್ಜಿಯರು ಇದೂ ಹಾಗೇ ಅಂದುಕೊಂಡರು. ಅಜ್ಜಿಯರದು ತಪ್ಪಲ್ಲ. ಓದಿದ ನಾವು ಬಾಯಿ ಬಿಡಲಿಲ್ಲವಲ್ಲ, ಅದು ತಪ್ಪು.

ತೊಡೆಸಂದಿನ ಗಂಟಿಗೆ ಬೆಲ್ಟು, ಪಟ್ಟಿ, ಎಣ್ಣೆ ಯಾವುದೂ ಮದ್ದಲ್ಲ. ಆಪರೇಷನ್ ಒಂದೇ. ದೊಡ್ಡವರಿಗೆ ಹಾಕುವ ಜಾಲರಿ ಮಕ್ಕಳಿಗೆ ಬೇಕಿಲ್ಲ. ಸಣ್ಣದಾಗಿ ಕುಯ್ದು, ಚೀಲ ಬಿಡಿಸಿ, ಬುಡದಲ್ಲಿ ಕಟ್ಟಿ ಕತ್ತರಿಸುತ್ತಾರೆ. ಗಟ್ಟಿಮುಟ್ಟಾದ ಮಗುವನ್ನು ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಎಳೆಗೂಸಿಗೆ ಮಾತ್ರ ಮಕ್ಕಳಿಗೆ ಮತ್ತು ಕೊಟ್ಟು ಪಳಗಿದ ವೈದ್ಯರೇ ಬೇಕು.

ತಡ ಮಾಡಿದರೆ ಏನು? ಒಂದು ರಾತ್ರಿ ಕರುಳು ಸಿಕ್ಕಿಕೊಳ್ಳುತ್ತದೆ. ಗಂಟು ಗಟ್ಟಿಯಾಗುತ್ತದೆ, ಒಳಗೆ ಹೋಗೋದಿಲ್ಲ, ಮುಟ್ಟಿದರೆ ಮಗು ಚೀರುತ್ತದೆ. ವಾಂತಿ, ಅದರಲ್ಲೂ ಹಸಿರು ವಾಂತಿ. ಹೊಟ್ಟೆ ಉಬ್ಬರ. ಆಗ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ರಕ್ತ ಓಡದೆ ಕರುಳು ಕೊಳೆಯುತ್ತದೆ. ವೃಷಣವೋ, ಹೆಣ್ಣುಮಗುವಾದರೆ ಅಂಡಾಶಯವೋ ಸಾಯುತ್ತದೆ. ವರ್ಷ ತುಂಬದ ಕೂಸಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನು ಮಾಡಿ.

1929ರಲ್ಲಿ ಕಾಠಿಯಾವಾಡದ ಅಸ್ಪೃಶ್ಯ ಶಾಲಾಮಾಸ್ತರರೊಬ್ಬರ ಬಾಣಂತಿ ಹೆಂಡತಿಗೆ ಕಾಯಿಲೆಯಾಯಿತು. ವೈದ್ಯ ಕೇರಿಯೊಳಕ್ಕೆ ಬರಲಿಲ್ಲ. ಥರ್ಮಾಮೀಟರನ್ನೂ ನಡುವೆ ಮತ್ತೊಬ್ಬರ ಕೈಯಿಂದ ಕೊಡಿಸಿದ. ಆಕೆ ಸತ್ತಳು. ಬಾಬಾಸಾಹೇಬರು ಇದನ್ನು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ದಾಖಲಿಸಿದ್ದಾರೆ. ಇವತ್ತು ಹಾಗೆ ಬಾಯಿಬಿಟ್ಟು ಯಾರೂ ಹೇಳೋದಿಲ್ಲ. ‘ನಾಳೆ ಬಾ’ ಅಂತಾರೆ. ಅವತ್ತವತ್ತಿನ ಕೂಲಿಯಲ್ಲಿ ಬದುಕುವ ತಾಯಿಗೆ ಎರಡು ‘ನಾಳೆ’ ಸಾಕು, ಮೂರನೆಯ ಸಲ ಆಕೆ ಬರೋದಿಲ್ಲ.

ಎಲ್ಲೆಲ್ಲಿಂದಲೋ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಬಂದು ಬೀಳುತ್ತದೆ. ಚನ್ನಪಟ್ಟಣದ ಬೊಂಬೆ ಕಡಲು ದಾಟುತ್ತದೆ. ನಮ್ಮ ಮಗು ಐವತ್ತು ಅರವತ್ತು ಕಿಲೋಮೀಟರು ದಾಟಿ ಬೆಂಗಳೂರಿನ ವಾಣಿವಿಲಾಸಕ್ಕೋ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗೋ ಯಾಕೆ ತಲುಪೋದಿಲ್ಲ? ಮಾಗಡಿ, ಕನಕಪುರಕ್ಕೆ ರೈಲೂ ಇಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಅದು ಭಿಕ್ಷೆಯಲ್ಲ, ನಮ್ಮ ಹಕ್ಕು. ಆದರೆ ಹೋದ ಕೂಲಿಯನ್ನು ಯಾವ ಕಾರ್ಡೂ ಕಟ್ಟಿಕೊಡೋದಿಲ್ಲ.

ಆದ್ದರಿಂದ ನಾವು ಕೇಳುತ್ತೇವೆ: ನಾಲ್ಕೂ ಊರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯರು, ಮತ್ತು ಕೊಡುವ ವೈದ್ಯರು ಯಾವ ದಿನ ಇರುತ್ತಾರೆಂದು ಬೋರ್ಡಿನಲ್ಲಿ ಬರೆಯಲಿ. ಬೆಂಗಳೂರಿಗೆ ಕಳಿಸುವುದಾದರೆ ಚೀಟಿಯನ್ನೂ ಗಾಡಿಯನ್ನೂ ಅಲ್ಲೇ ಕೊಡಲಿ.

ಹಾಸ್ಟೆಲಿನ ಗೆಳೆಯರೇ, ನಿಮಗೂ ಕೆಲಸವಿದೆ. ಈ ಭಾನುವಾರ ಊರಿಗೆ ಹೋದಾಗ ಅವ್ವನನ್ನು, ಅಕ್ಕಂದಿರನ್ನು ಕೇಳಿ. ಗಂಟಿರುವ ಮಗು ಸಿಕ್ಕರೆ ಕಾರ್ಡು ಹಿಡಿದು ಜೊತೆಗೆ ಹೋಗಿ, ಕ್ಯೂನಲ್ಲಿ ನಿಲ್ಲಿ, ಅರ್ಜಿ ತುಂಬಿ. ನಿಮ್ಮ ರೂಮಿನಲ್ಲೇ ಒಬ್ಬ ಎಲ್ಲರೂ ಮಿಂದ ಮೇಲೆ ಕತ್ತಲಲ್ಲಿ ಸ್ನಾನಕ್ಕೆ ಹೋಗುತ್ತಿರಬಹುದು. ಅವನನ್ನು ಗೇಲಿ ಮಾಡಬೇಡಿ. ಹೆಗಲ ಮೇಲೆ ಕೈಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅದೂ ಚಳುವಳಿಯೇ.

ಜೈಭೀಮ್.