ಆರೋಗ್ಯ ವಿಚಾರ: ದ್ವಾರಪಾಲಕರೂ ಸುಳ್ಳು ಕೂಗೂ

ಅರಸೀಕೆರೆಯಲ್ಲಿ ರೈಲಿಳಿದು ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವ ಸಂಸಾರಿಗಳು ಬುತ್ತಿಯ ಗಂಟನ್ನು ಮರೆಯುವುದಿಲ್ಲ. ಹೊಯ್ಸಳೇಶ್ವರನ ಬಾಗಿಲಲ್ಲಿ ನಿಂತ ದ್ವಾರಪಾಲಕರನ್ನು ನೋಡಿ ಬೆರಗಾಗದವರೂ ಇಲ್ಲ. ಬುತ್ತಿಗೂ ದ್ವಾರಪಾಲಕರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಶರೀರದಲ್ಲಿಯೂ ಅಂತಹ ಕಾವಲುಗಾರರುಂಟು. ಕೆಟ್ಟ ಬುತ್ತಿಯಲ್ಲಿ ಹುಟ್ಟುವ ವಿಷವೊಂದು ಅವರನ್ನೇ ದಾರಿ ತಪ್ಪಿಸಬಲ್ಲುದು.

ಈ ಕಾವಲುಗಾರರಿಗೆ ಟಿ ಕಣಗಳೆಂದು ಹೆಸರು. ಇವುಗಳ ಮೂಲಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಗೆ ಬಂದು ಬೆಳೆಯುತ್ತವೆ. ಮಕ್ಕಳಲ್ಲಿ ದೊಡ್ಡದಾಗಿದ್ದು ಪ್ರಾಯ ಬಂದ ಮೇಲೆ ಕುಗ್ಗುವ ಈ ಗ್ರಂಥಿಯ ಉಪಯೋಗವು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ವೈದ್ಯರು, ಆಗತಾನೆ ಹುಟ್ಟಿದ ಇಲಿಮರಿಗಳಿಂದ ಇದನ್ನು ತೆಗೆದರೆ ಅವು ರೋಗಗಳಿಗೆ ಸುಲಭವಾಗಿ ತುತ್ತಾಗುವುವೆಂದು ತೋರಿಸಿದರು.

ಥೈಮಸ್ಸನ್ನು ಗರಡಿಮನೆಯೆನ್ನಬಹುದು. ಅಲ್ಲಿ ಪರೀಕ್ಷೆಗಳೆರಡು. ಶರೀರದ ಕಣಗಳು ತಮ್ಮ ಮೈಮೇಲೆ ಧರಿಸಿರುವ ಮುದ್ರೆಯನ್ನು ಗುರುತಿಸಲಾರದ ಕಣವು ಮೊದಲನೆಯದರಲ್ಲಿಯೇ ಅಳಿಯುತ್ತದೆ. ಮನೆಯವರ ಮೇಲೆಯೇ ಬಲವಾಗಿ ಎರಗುವ ಕಣವು ಎರಡನೆಯದರಲ್ಲಿ ಅಳಿಯುತ್ತದೆ; ಅಂಥವುಗಳಲ್ಲಿ ಕೆಲವು ಮಾತ್ರ, ಇತರ ಕಾವಲುಗಾರರನ್ನು ಹತೋಟಿಯಲ್ಲಿಡುವ ವಿಶೇಷ ಕಣಗಳಾಗುತ್ತವೆ. ಒಟ್ಟಿನಲ್ಲಿ ನೂರಕ್ಕೆ ಸುಮಾರು 95 ಕಣಗಳು ಗರಡಿಯಿಂದ ಹೊರಬರುವುದೇ ಇಲ್ಲ.

ರೋಗಾಣುವು ಒಳಹೊಕ್ಕಾಗ ಅದರ ತುಣುಕನ್ನು ಬೇರೊಂದು ಕಣವು ತನ್ನ ಮುದ್ರೆಯೊಡನೆ ಹಿಡಿದು ತೋರಿಸುತ್ತದೆ. ಅದನ್ನು ಬಲ್ಲ ಟಿ ಕಣವು ಹತ್ತು ಸಾವಿರದಲ್ಲಿ ಒಂದಿದ್ದರೆ ಹೆಚ್ಚು. ಅದೊಂದೇ ಎಚ್ಚತ್ತು ವೃದ್ಧಿಯಾಗುತ್ತದೆ. ಆದರೆ ಕೆಲವು ರೋಗಾಣುಗಳ ವಿಷಗಳು ಈ ಪರೀಕ್ಷೆಗೆ ಕಾಯದೆ, ಎರಡು ಕಣಗಳನ್ನೂ ಪಕ್ಕದಿಂದಲೇ ಬಿಗಿದುಬಿಡುತ್ತವೆ. ಆಗ ಐದರಲ್ಲೊಂದು ಪಾಲಿನಷ್ಟು ಟಿ ಕಣಗಳು ಒಮ್ಮೆಗೇ ಎದ್ದು ಕೂಗಬಹುದು. ಊರಿಗೆ ಕಳ್ಳರು ಬಂದರೆಂಬ ಸುಳ್ಳು ಕೂಗಿಗೆ ಕಾವಲುಗಾರರೆಲ್ಲರೂ ಕತ್ತಿ ಹಿರಿದು ಓಡಿದರೆ ಊರಿಗೇ ಹಾನಿಯಲ್ಲವೆ? ಹಾಗೆಯೇ ಅವು ಸುರಿಸುವ ರಸಗಳಿಂದ ಜ್ವರವೇರಿ, ರಕ್ತದ ಒತ್ತಡವು ಕುಸಿದು, ಪ್ರಾಣಕ್ಕೇ ಅಪಾಯವೊದಗಬಹುದು. ಈ ವಿಷಗಳಿಗೆ 1989ರಲ್ಲಿ ಅಮೆರಿಕದ ಫಿಲಿಪ್ಪಾ ಮ್ಯಾರಾಕ್, ಜಾನ್ ಕ್ಯಾಪ್ಲರ್ ದಂಪತಿಗಳೂ ಅವರ ಸಹೋದ್ಯೋಗಿಗಳೂ ಸೂಪರ್ ಆಂಟಿಜನ್ ಎಂಬ ಹೆಸರನ್ನಿತ್ತರು.

ಇನ್ನು ಬುತ್ತಿಯ ಮಾತು. ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವು ಅನೇಕರ ಮೂಗಿನಲ್ಲಿಯೂ, ಕೀವುಗಟ್ಟಿದ ಹುಣ್ಣುಗಳಲ್ಲಿಯೂ ಇರುತ್ತದೆ. ಹುಣ್ಣಾದ ಬೆರಳಿನಿಂದ ಮುಟ್ಟಿದ ಅನ್ನವನ್ನಾಗಲಿ ಹಾಲಿನ ಸಿಹಿಯನ್ನಾಗಲಿ ಸೆಕೆಯಲ್ಲಿ ಬಹಳ ಹೊತ್ತು ಇಟ್ಟರೆ ಅದು ಬೆಳೆದು ಇಂತಹ ವಿಷವನ್ನು ಕಾರುತ್ತದೆ. ಮತ್ತೆ ಕುದಿಸಿದರೆ ರೋಗಾಣು ಸಾಯುವುದೇ ಹೊರತು ವಿಷವು ಅಳಿಯದು. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ತೊಡಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಆದರೆ ಇದೇ ಜಾತಿಯ ವಿಷವು ಗಾಯದ ಮೂಲಕ ರಕ್ತವನ್ನು ಸೇರಿದರೆ, ಅಪರೂಪವಾದರೂ, ಮೇಲೆ ಹೇಳಿದ ಘೋರಸ್ಥಿತಿಯುಂಟಾಗಬಹುದು.

ಆದುದರಿಂದ ಕೈಯಲ್ಲಿ ಹುಣ್ಣಿರುವವರು ಅಡಿಗೆಗೆ ಕೈ ಹಾಕತಕ್ಕದ್ದಲ್ಲ. ಬೆಳಿಗ್ಗೆ ಕಟ್ಟಿದ ಬುತ್ತಿಯನ್ನು ಸಂಜೆಯವರೆಗೆ ಉಳಿಸತಕ್ಕದ್ದಲ್ಲ. ಅರಸೀಕೆರೆಯ ಸೀಮೆಯ ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವಾಗ ಕೈಗೆ ಗಾಯವಾಗುವುದು ಸಹಜ. ಅದನ್ನು ಕೂಡಲೆ ತೊಳೆದು ಕಟ್ಟಬೇಕು. ಗಾಯವಾದವರಿಗೆ ವಿಪರೀತ ಜ್ವರ, ಮೈಯೆಲ್ಲ ಕೆಂಪು, ತಲೆ ತಿರುಗುವಿಕೆ ಇವು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಒಳಗಿನ ದ್ವಾರಪಾಲಕರು ಎಷ್ಟೇ ನಿಪುಣರಾದರೂ, ಹೊರಗಿನ ಬಾಗಿಲನ್ನು ಕಾಯುವ ಹೊಣೆ ಗೃಹಸ್ಥರದೇ ಆಗಿದೆ.